ಕಾಲುವೆಯಾಚೆಯ ಬಟಾಣಿ

ಮೇ 2, ಗುರುವಾರ. ಬೆಳಿಗ್ಗೆ 7

ಸಸಿಗಳನ್ನು ಹೊರಗಿಟ್ಟಾಯಿತು. ಟೊಮೆಟೊ ಮೂವತ್ತು, ಮೆಣಸಿನಕಾಯಿ ಅರವತ್ತರ ಮೇಲೆ. ಇವತ್ತು ಎರಡು ಗಂಟೆ ಬಿಸಿಲು, ನಾಳೆ ಮೂರು. ಗಾಳಿ ಏಳುವ ಮುಂಚೆ ಒಳಗೆ ತರಬೇಕು. ಹತ್ತೂವರೆಗೆ ಎದ್ದೇ ಏಳುತ್ತದೆ, ಸ್ಕೂಲ್ ಬಸ್ಸಿನ ಹಾಗೆ. ಇಪ್ಪತ್ತಾರು ವರ್ಷ ಬಸ್ ಓಡಿಸಿದವಳಿಗೆ ಎಲ್ಲವೂ ಬಸ್ಸಿನ ಹಾಗೆಯೇ ಕಾಣುತ್ತದೆ.

ಎಲ್ಮ್ ಮರದ ಬೀಜ ಪಾತಿಗಳ ತುಂಬ. ಗುಡಿಸಿದಷ್ಟೂ ಬಂದು ಬೀಳುತ್ತದೆ. ಈರುಳ್ಳಿ ಎದ್ದಿದೆ. ಪಾಲಕ್ ಪರವಾಗಿಲ್ಲ. ಬೆಟ್ಟದ ಮೇಲೆ ಕುದುರೆಯ ಆಕಾರದಲ್ಲಿ ಉಳಿಯುವ ಹಿಮ, ನಮ್ಮ ಹಿಮದ ಕುದುರೆ, ಇನ್ನೂ ಇಡಿಯಾಗಿ ನಿಂತಿದೆ. ಅದರ ಕುತ್ತಿಗೆ ಕರಗುವವರೆಗೆ ಮೆಣಸು ನೆಲಕ್ಕಿಳಿಸಬಾರದು — ಅತ್ತೆ ಹೇಳುತ್ತಿದ್ದದ್ದು. ನಮ್ಮ ನ್ಯೂ ಮೆಕ್ಸಿಕೋದ ರೇಡಿಯೋದವರು ಏನಾದರೂ ಹೇಳಿಕೊಳ್ಳಲಿ. ಅವರು ಇರುವುದು ಕೆಳಗೆ, ನಾವು ಏಳು ಸಾವಿರ ಅಡಿಯ ಮೇಲೆ.

ಸಂಜೆ

ಇದನ್ನು ಬರೆಯದೆ ಇರಲಾಗುತ್ತಿಲ್ಲ.

ಲಿಬ್ರಾದಾ ಕಾಲುವೆಯಾಚೆ ತನ್ನ ತೋಟದಲ್ಲಿ ಕಳೆ ತೆಗೆಯುತ್ತಿದ್ದಳು. ಎಂಬತ್ತೊಂದು ವರ್ಷ, ಬೆನ್ನು ಇನ್ನೂ ನೆಟ್ಟಗೆ. ನನ್ನ ಎಲೋಯ್ ತೀರಿಕೊಂಡು ಎರಡು ವರ್ಷ, ಗಂಡನ ಅಕ್ಕನಾದ ಇವಳ ಜೊತೆ ನನ್ನ ಮಾತು ನಿಂತೂ ಅಷ್ಟೇ. ಮಾತು ಬಿಟ್ಟಿದ್ದೇನೆ, ನೋಡುವುದನ್ನು ಬಿಟ್ಟಿಲ್ಲ. ನಲವತ್ತು ಹೆಜ್ಜೆ ದೂರದ ಮನೆ. ಕಣ್ಣು ಎಲ್ಲಿಡಲಿ?

ಗುದ್ದಲಿ ಹಾಕುತ್ತಿದ್ದಳು, ಬಗ್ಗಿ ಕಿತ್ತು ಪಕ್ಕಕ್ಕೆ ಎಸೆಯುತ್ತಿದ್ದಳು. ಎಸೆದದ್ದು ಕಳೆಯಲ್ಲ — ಬಟಾಣಿ. ಬೆರಳುದ್ದ ಬಂದಿದ್ದ ಸಸಿಗಳು. ಸಾಲಿಗೆ ಸಾಲೇ ಕಿತ್ತಳು. ಪಕ್ಕದ ಹಂಬುಕಳೆಯನ್ನು ಮಾತ್ರ ಹಾಗೇ ಬಿಟ್ಟು, ಅದರ ಬುಡಕ್ಕೆ ಮಣ್ಣು ಏರಿಸಿದಳು. ಏರಿಸಿ, ಮಗುವಿನ ತಲೆ ತಟ್ಟಿದಂತೆ ತಟ್ಟಿದಳು.

ಕೂಗಬೇಕೆಂದುಕೊಂಡೆ. ಮಾತು ಬಿಟ್ಟವಳು ಹೇಗೆ ಕೂಗಲಿ?

ಅವಳಿಗೆ ಕಣ್ಣು ಕಾಣುತ್ತಿಲ್ಲ.


ಮೇ 5, ಭಾನುವಾರ

ಲಿಬ್ರಾದಾ ಪೂಜೆಗೆ ಇಗರ್ಜಿಗೆ ಹೋದಳು, ನೀರುಗಂಟಿ ಬೆಲಾರ್ಮಿನೊನ ಹೆಂಡತಿಯ ಕಾರಿನಲ್ಲಿ. ನಾನು ತಲೆನೋವು ಎಂದು ಹೇಳಿಕಳಿಸಿದೆ. ದೇವರಿಗೆ ಸುಳ್ಳು ಹೇಳಿದೆ, ಬೆಳಗಿನ ಹೊತ್ತೇ.

ಕಾಲುವೆ ದಾಟಿದೆ. ನನ್ನ ಸಾಲಿನಿಂದ ಬಟಾಣಿ ಸಸಿಗಳನ್ನು ಹಿಡಿಮಣ್ಣಿನ ಸಮೇತ ಎತ್ತಿ ಬಕೆಟ್ಟಿನಲ್ಲಿ ಒಯ್ದೆ. ನಲವತ್ತೆರಡು ನೆಟ್ಟೆ. ಹಂಬುಕಳೆ ಬೇರುಸಮೇತ ಕಿತ್ತೆ — ಪೂರ್ತಿ ಬೇರು ಯಾರಿಗೆ ಸಿಕ್ಕೀತು, ಸಿಕ್ಕಷ್ಟು. ನೀರು ಹಾಕಿ, ಹೆಜ್ಜೆ ಗುರುತು ಉಜ್ಜಿ ಬಂದೆ. ಅರವತ್ತಮೂರರ ಹೆಂಗಸು ಕಳ್ಳಿಯ ಹಾಗೆ.

ಯಾಕೆ ಮಾಡಿದೆ, ಗೊತ್ತಿಲ್ಲ. ಬಟಾಣಿಗಾಗಿ ಎಂದುಕೊಳ್ಳೋಣ.


ಮೇ 8, ಬುಧವಾರ

ಸಿಕ್ಕಿಬಿದ್ದೆ.

ಬೆಳಿಗ್ಗೆ ತೂಬಿನ ಹತ್ತಿರ ಕಸ ತೆಗೆಯುತ್ತಿದ್ದಾಗ ಆಚೆ ದಡದಿಂದ ಲಿಬ್ರಾದಾ: "ಯಾರದು?"

ಎರಡು ವರ್ಷದಲ್ಲಿ ಮೊದಲ ಮಾತು. ನಾನು ಎಂದೆ.

"ನನ್ನ ಬಟಾಣಿ ನೇರ ಸಾಲಲ್ಲಿ ಬಂದಿದೆ," ಅಂದಳು. "ಕೈಯಿಟ್ಟು ನೋಡ್ದೆ. ಜನ್ಮದಲ್ಲಿ ನನ್ನ ಕೈಯಲ್ಲಿ ನೇರ ಸಾಲು ಬಂದಿಲ್ಲ."

ಇನ್ನೊಂದು ಹಿಡಿ ಕಸ ಎಳೆದೆ.

"ನೆಟ್ಟೋರಿಗೆ ನೀರು ಹಾಕೋಕೂ ಗೊತ್ತಿರ್ಬೇಕಪ್ಪ. ಬಾಡ್ತಾ ಇದೆ." ಇಷ್ಟು ಹೇಳಿ ಒಳಗೆ ಹೋದಳು.

ಹೋಗಿ ನೀರು ಹಾಕಿ ಬಂದೆ. ಬಾಗಿಲು ಮುಚ್ಚಿರಲಿಲ್ಲ. ಒಳಗಿಂದ ಕಾಫಿ ವಾಸನೆ. ನಾನು ಒಳಗೆ ಹೋಗಲಿಲ್ಲ, ಅವಳು ಕರೆಯಲಿಲ್ಲ.


ಮೇ 12, ಭಾನುವಾರ

ಬೆಲಾರ್ಮಿನೊ ಬಂದಿದ್ದ. ಟೋಪಿ ಕೈಯಲ್ಲಿ ತಿರುಗಿಸುತ್ತಿದ್ದನೆಂದರೆ ಒಳ್ಳೆಯ ಸುದ್ದಿಯಲ್ಲ. ನಿನ್ನೆ ಶನಿವಾರ, ನಮ್ಮ ಎರಡೂ ಮನೆಗಳ ನೀರಿನ ಸರದಿ. ಲಿಬ್ರಾದಾ ತೂಬು ಮುಚ್ಚಿದೆ ಎಂದುಕೊಂಡು ಅರ್ಧ ತೆರೆದೇ ಬಿಟ್ಟಿದ್ದಾಳೆ. ಕೆಳಗಿನವರ ಸರದಿಯ ನೀರೆಲ್ಲ ರಸ್ತೆಗೆ ಹರಿದಿದೆ. ಇದು ಮೂರನೆಯ ಸಲವಂತೆ. ಕಾಲುವೆಯ ಪಂಚಾಯ್ತಿ ಜೂನ್‌ನಲ್ಲಿ ಸೇರುತ್ತದೆ, ತೂಬು ನೋಡಿಕೊಳ್ಳುವವರಿಲ್ಲದಿದ್ದರೆ ಅವಳ ಸರದಿ ನಿಲ್ಲಿಸಬೇಕಾಗುತ್ತದೆ ಎಂದ. ಅವನಿಗೂ ಬೇಜಾರು. ಅವನಿಗೆ ಚಿಕ್ಕಂದಿನಲ್ಲಿ ಅಕ್ಷರ ಕಲಿಸಿದವಳು ಅವಳೇ.

ಸರದಿ ನಿಂತರೆ ಇಲ್ಲಿ ತೋಟವಿಲ್ಲ. ಆಕಾಶ ನಂಬಿ ಇಲ್ಲಿ ಒಂದು ಮೂಲಂಗಿಯೂ ಬರುವುದಿಲ್ಲ. ತೋಟವಿಲ್ಲದೆ ಲಿಬ್ರಾದಾ…

ಅವಳ ತೂಬು ಇನ್ನು ನಾನು ನೋಡಿಕೊಳ್ಳುತ್ತೇನೆ ಎಂದುಬಿಟ್ಟೆ.

ಅವನು ನನ್ನ ಮುಖ ನೋಡಿದ. "ನೀವಿಬ್ರೂ ಮಾತಾಡ್ತೀರಾ?"

ಬಟಾಣಿ ವಿಷಯ ಮಾತಾಡ್ತೀವಿ ಎಂದೆ.


ಮೇ 15, ಬುಧವಾರ

ಸಾನ್ ಇಸಿದ್ರೋ ಹಬ್ಬ. ರೈತರ ಈ ಸಂತನ ಮೂರ್ತಿ ಹೊತ್ತು ಹೊಲಗಳ ಸುತ್ತ ನಡೆದೆವು. ಪಾದ್ರಿ ಕಾಲುವೆಯ ನೀರನ್ನೇ ಚಿಮುಕಿಸಿದರು. ಗಾಳಿಗೆ ಅರ್ಧ ನೀರು ಅವರ ಮುಖಕ್ಕೇ ಹಾರಿತು.

ಇಳಿಜಾರಿನಲ್ಲಿ ಯಾರೋ ನನ್ನ ತೋಳು ಹಿಡಿದರು. ತಿರುಗಿ ನೋಡಲಿಲ್ಲ. ಆ ಹಿಡಿತ ಗೊತ್ತು — ಮದುವೆಯ ದಿನ ನನ್ನನ್ನು ಅಂಗಳದಿಂದ ಒಳಗೆ ಕರೆದುಕೊಂಡು ಹೋದ ಹಿಡಿತ. "ಗಾಳಿ ಜೋರು," ಎಂದಳು ಲಿಬ್ರಾದಾ. ಹೌದಕ್ಕ, ಜೋರು ಎಂದೆ.

ಊರೆಲ್ಲ ಸಂತನನ್ನು ಬಿಟ್ಟು ನಮ್ಮನ್ನೇ ನೋಡಿತು.


ಮೇ 18, ಶನಿವಾರ

ಎರಡೂ ತೂಬು ನಾನೇ ತೆರೆದೆ. ಆರರಿಂದ ಹನ್ನೆರಡರವರೆಗೆ. ಮೊದಲು ಅವಳ ಬೆಳ್ಳುಳ್ಳಿ, ಏಪ್ರಿಕಾಟ್ ಮರ, ಬಟಾಣಿ, ಆಮೇಲೆ ನನ್ನದು.

ನೀರು ಇಂಗುವವರೆಗೆ ನೀಲಿ ಮೆಕ್ಕೆಜೋಳ ಬಿತ್ತಿದೆವು, ಹೋದ ವಾರ ನೆನೆದಿದ್ದ ಪಟ್ಟಿಯಲ್ಲಿ. ಕಣ್ಣು ಬೇಕಾಗಿಲ್ಲ ಅವಳಿಗೆ ಈ ಕೆಲಸಕ್ಕೆ. ಎರಡನೆಯ ಗಣ್ಣಿನವರೆಗೆ ಬೆರಳು ಊರಿ, ನಾಲ್ಕು ಕಾಳು ಹಾಕಿ, ಮುಚ್ಚಿ, ಒಂದು ಪಾದ ಮುಂದೆ. ನಾನು ಹಗ್ಗ ಕಟ್ಟಿ ಸಾಲು ತೋರಿಸಿದೆ, ಅವಳು ಹಗ್ಗ ಮುಟ್ಟಿಕೊಂಡು ನಡೆದಳು. ನಾನು ಬಿತ್ತಿದ ಕಡೆ ಬೆರಳಿಟ್ಟು ನೋಡಿ ಎರಡು ಸಲ "ಆಳ ಸಾಲ್ದು" ಎಂದಳು. ಹೌದು, ಸಾಲದಾಗಿತ್ತು. ಒಣನೆಲದಲ್ಲಿ ಜೋಳ ತೇವ ಹುಡುಕಿಕೊಂಡು ಹೋಗಬೇಕು, ತೇವ ಮೇಲೆ ಬರುವುದಿಲ್ಲ.

ಇವತ್ತು ಒಳಗೆ ಕರೆದಳು. ಕಾಫಿ ಮಗ್ಗಿಗೆ ಸುರಿಯುವಾಗ ಬೆರಳನ್ನು ಅಂಚಿನೊಳಗೆ ಇಳಿಬಿಟ್ಟುಕೊಂಡಿದ್ದಳು, ಎಷ್ಟು ತುಂಬಿತು ಎಂದು ತಿಳಿಯಲಿಕ್ಕೆ. ಸುಟ್ಟುಕೊಂಡಳು. ನಾನು ನೋಡಲಿಲ್ಲ ಎಂಬಂತೆ ಕಿಟಕಿಯ ಕಡೆ ತಿರುಗಿದೆ.

ಎಲೋಯ್‌ನ ಮಾತು ಯಾರೂ ಎತ್ತಲಿಲ್ಲ.


ಮೇ 21, ಮಂಗಳವಾರ

ಕುದುರೆಯ ಕುತ್ತಿಗೆ ಹೋಯಿತು! ಬರೀ ಬೆನ್ನು ಉಳಿದಿದೆ. ನನ್ನ ಮೆಣಸು ಅರ್ಧ ಇಳಿಸಿದೆ. ಅವಳದ್ದೂ ಇಪ್ಪತ್ತು ಸಸಿ. ಗಾಳಿಯ ಕಡೆಗೆ ಒಂದೊಂದಕ್ಕೂ ಹಂಚಿನ ಚೂರು ಅಡ್ಡ ನಿಲ್ಲಿಸಿದೆ. ಬುಡಕ್ಕೆ ಹಳೇ ಹುಲ್ಲು.

ಕೈ ತೊಳೆಯುವಾಗ ಲಿಬ್ರಾದಾ ಹಿಟ್ಟಿನ ಡಬ್ಬಿ ತಂದು ಮುಂದಿಟ್ಟಳು. ತುಂಬ ಒಡೆಯದ ಕಾಗದಗಳು. ಓದು ಎಂದಳು. ಅದಕ್ಕೆ ಪೀಠಿಕೆಯಿಲ್ಲ, ಕಾಣುವುದಿಲ್ಲ ಎಂಬ ಮಾತೂ ಇಲ್ಲ. ಶಾಲೆ ನಡೆಸಿದ ಹೆಂಗಸು ತನ್ನ ಕಾಗದ ಇನ್ನೊಬ್ಬಳ ಕೈಗೆ ಕೊಡುವುದೆಂದರೇನು, ನನಗೆ ಗೊತ್ತು. ಒಂದೊಂದೇ ಒಡೆದು ಗಟ್ಟಿಯಾಗಿ ಓದಿದೆ.

ಕರೆಂಟಿನವರದು, ಇಗರ್ಜಿಯದು, ಬೀಜದ ಕಂಪನಿಯ ಪುಸ್ತಕ. ತಳದಲ್ಲಿ ಸಾಂತಾ ಫೆಯ ಕಣ್ಣಾಸ್ಪತ್ರೆಯ ಕಾಗದ, ಫೆಬ್ರುವರಿಯದು. ಎರಡೂ ಕಣ್ಣಿಗೆ ಪೊರೆ. ಬಲಗಣ್ಣು ಮೊದಲು. ಆಪರೇಷನ್ ಜೂನ್ 4. ಕರೆತರಲು ಒಬ್ಬರು ಜೊತೆಗಿರಬೇಕು.

ಅಂದರೆ ಚಳಿಗಾಲದಲ್ಲೇ ಡಾಕ್ಟರ ಹತ್ತಿರ ಹೋಗಿದ್ದಾಳೆ. ಯಾರಿಗೂ ಹೇಳಿಲ್ಲ. ನಾನು ಕರೆದುಕೊಂಡು ಹೋಗುತ್ತೇನೆ ಅಂದೆ.

ಹೋಗುವುದಿಲ್ಲ ಎಂದಳು. ಭಯವೇ ಎಂದು ಕೇಳಿದೆ. ಹತ್ತು ನಿಮಿಷದ ಕೆಲಸ, ಬೆಲಾರ್ಮಿನೊನ ಅಮ್ಮ ಮಾಡಿಸಿಕೊಂಡು ಬಂದು ಮಾರನೇ ದಿನ ಇಸ್ಪೀಟು ಆಡಿದರು ಎಂದೆ.

"ಭಯ ಇಲ್ಲ. ಬೇಡ, ಅಷ್ಟೇ. ಇದು ನನಗೆ ಸಲ್ಲಬೇಕಾದ್ದೇ."

ಡಬ್ಬಿ ಎತ್ತಿಕೊಂಡು ಒಳಗೆ ಹೋದಳು. ಸಲ್ಲಬೇಕಾದ್ದು ಎಂದರೆ?


ಮೇ 25, ಶನಿವಾರ

ಇವತ್ತಿನದನ್ನು ಬರೆಯಲು ಮನಸ್ಸಿಲ್ಲ. ಆದರೂ ಇದ್ದದ್ದು ಇದ್ದಹಾಗೆ ಬರೆಯುತ್ತೇನೆ.

ನೀರು ಬಿಟ್ಟು ಇಬ್ಬರೂ ಕಾಲುವೆಯ ದಡದಲ್ಲಿ ಕುಳಿತಿದ್ದೆವು. ಜೂನ್ 4ರ ಮಾತು ನಾನೇ ಮತ್ತೆ ಎತ್ತಿದೆ. ಕಣ್ಣು ಹೋಗುವುದು ಯಾವ ಲೆಕ್ಕದಲ್ಲಿ ಸಲ್ಲಬೇಕಾದ್ದು ಎಂದು ಕೇಳಿದೆ. ನೀರಿನೊಳಗೆ ಕೈ ಇಳಿಬಿಟ್ಟಳು. ಆಮೇಲೆ ಹೇಳಿದಳು.

ಎರಡು ವರ್ಷದ ಹಿಂದಿನ ಏಪ್ರಿಲ್. ಊರವರೆಲ್ಲ ಸೇರಿ ಕಾಲುವೆ ಹೂಳೆತ್ತುವ ದಿನ. ಎಲೋಯ್ ಸನಿಕೆ ಹಿಡಿದು ಮೊದಲು ಅಕ್ಕನ ಮನೆಗೆ ಹೋಗಿದ್ದನಂತೆ. ಎದೆ ಉರಿಯುತ್ತಿದೆ, ಎಡಗೈ ಭಾರ ಎಂದನಂತೆ. ಅವಳು ಓಶಾ ಬೇರಿನ ಕಷಾಯ ಕುಡಿಸಿದಳು. ಎದೆಯುರಿಗೆ, ಶೀತಕ್ಕೆ, ಹೆದರಿಕೆಗೆ ನಮ್ಮ ಮನೆಗಳಲ್ಲಿ ಕೊಡುವುದು ಅದನ್ನೇ. ಅವನು ಸ್ವಲ್ಪ ಮಲಗುತ್ತೇನೆ ಎಂದನಂತೆ.

"ಮಲಗೋಕೆ ಬಿಡ್ಲಿಲ್ಲ ಕಣೇ. ಸನಿಕೆ ಕಂಡ್ರೆ ಮೈಗಳ್ಳ ಆಗ್ತೀಯ, ಅಪ್ಪ ಇದ್ದಿದ್ರೆ ನಾಚ್ಕೋತಿದ್ರು, ಹೋಗು ಅಂದೆ. ನಗ್ತಾ ಹೋದ."

ಮಧ್ಯಾಹ್ನ ಕಾಲುವೆಯಲ್ಲೇ ಬಿದ್ದ.

ಮಣ್ಣು ಮಾಡಿದ ದಿನ ಊರೆಲ್ಲರ ಎದುರು ಇದೇ ಲಿಬ್ರಾದಾ ನನಗೆ ಹೇಳಿದ್ದಳು: ಮನೆಯಲ್ಲಿ ಹೆಂಡತಿ ಅಂತ ಒಬ್ಬಳಿದ್ದು ಗಂಡನ ಮುಖ ನೋಡಲಿಲ್ಲ, ನೋಡಿದ್ದರೆ ಉಳಿಯುತ್ತಿದ್ದ. ಎರಡು ವರ್ಷ ಆ ಒಂದು ಮಾತು ಹೊತ್ತುಕೊಂಡು ತಿರುಗಿದ್ದೇನೆ. ಅದನ್ನು ಹಾಸಿ ಮಲಗಿದ್ದೇನೆ, ಹೊದ್ದು ಎದ್ದಿದ್ದೇನೆ. ಹೇಳುವಾಗ ಅವಳಿಗೆ ಎಲ್ಲ ಗೊತ್ತಿತ್ತು!

"ಯಾರ ಮೇಲಾದ್ರೂ ಹಾಕ್ಬೇಕಿತ್ತು," ಅಂದಳು. "ನೀನು ಹತ್ರ ಇದ್ದೆ."

ಎದ್ದು ಬಂದೆ. ತೂಬು ಮುಚ್ಚಿದೆನೋ ಇಲ್ಲವೋ ನೆನಪಿಲ್ಲ.


ಮೇ 26

ಬರೆಯಲಾರೆ.


ಮೇ 30, ಗುರುವಾರ

ಗಾಳಿ. ನಾಲ್ಕು ದಿನದಿಂದ. ಉಳಿದ ಮೆಣಸು ಇಳಿಸಿದೆ. ಕುಂಬಳ ಹಾಕಿದೆ. ಟೊಮೆಟೊಗೆ ಕೋಲು. ಮಿಡಿತೆಯ ಮರಿ ಕಾಣಿಸಿಕೊಂಡಿವೆ. ಕೆಲಸಕ್ಕೇನು ಬರ.

ಆಚೆ ನೋಡುತ್ತಿಲ್ಲ. ಅಂದರೆ ನೋಡಿದೆ. ಅವಳು ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕುಳಿತಿರುತ್ತಾಳೆ, ಈ ಕಡೆ ಮುಖ ಮಾಡಿ. ಕಾಣದಿದ್ದರೂ.

ಬೆಲಾರ್ಮಿನೊ ಸಿಕ್ಕಿದ್ದ. ಶನಿವಾರ ಅವಳ ತೂಬು ನೀನೇ ತಾನೇ ಎಂದು ಕೇಳಿದ. ಹೇಳುತ್ತೇನೆ ಎಂದೆ.

ಆ ದಿನದ ಬೆಳಗು ನನಗೂ ನೆನಪಿದೆ. ಯಾರಿಗೂ ಹೇಳದ ಬೆಳಗು. ಈ ಪುಸ್ತಕಕ್ಕೂ ಹೇಳಿಲ್ಲ.


ಮೇ 31, ಶುಕ್ರವಾರ. ಸಂಜೆ 8

ಮಧ್ಯಾಹ್ನ ರೇಡಿಯೋ ಹೇಳಿತು: ಗಾಳಿ ನಿಲ್ಲುತ್ತದೆ, ಆಕಾಶ ತಿಳಿಯಾಗುತ್ತದೆ, ಬೆಳಗಿನ ಜಾವ ಹಿಮ. ಇಲ್ಲಿ ಗಾಳಿ ನಿಂತರೆ ಸಂತೋಷಪಡಬಾರದು. ಜೂನ್ ಹೊಸ್ತಿಲಲ್ಲಿ ಹಿಮ — ಕುದುರೆಯೂ ಕೈಕೊಟ್ಟಿತು.

ಮನೆಯಲ್ಲಿದ್ದ ಹಾಸಿಗೆ ಬಟ್ಟೆ, ಬಕೆಟ್ಟು, ರಟ್ಟಿನ ಪೆಟ್ಟಿಗೆ ಎಲ್ಲ ಹೊರಬಂತು. ನನ್ನದು ಮುಚ್ಚುವಷ್ಟರಲ್ಲಿ ಐದೂವರೆ. ತಲೆ ಎತ್ತಿದರೆ ಆಚೆ ಲಿಬ್ರಾದಾ, ತೋಳ ಮೇಲೆ ಅತ್ತೆಯ ಕಾಲದ ಕೌದಿಗಳು. ಒಂದೊಂದಾಗಿ ಹರವಿ, ಅಂಚಿಗೆ ಕಲ್ಲು ತಡಕಿ ತಡಕಿ ಇಡುತ್ತಿದ್ದಳು. ಅಷ್ಟು ಜೋಪಾನವಾಗಿ. ಹೊದಿಸುತ್ತಿದ್ದದ್ದು ಈರುಳ್ಳಿಗೆ.

ಮೆಣಸಿನ ಸಾಲು ಹತ್ತು ಹೆಜ್ಜೆ ಆಚೆ, ಬರಿಮೈಯಲ್ಲಿ.

ಬಾಗಿಲ ಹಿಂದೆ ನಿಂತು ನೋಡಿದೆ. ಸಾಯಲಿ ಎಂದುಕೊಂಡೆ. ಹೌದು, ಹಾಗೇ ಅಂದುಕೊಂಡೆ, ಮೆಣಸಿಗೆ ಅಲ್ಲ. ಐದು ನಿಮಿಷ. ಅವಳು ಇನ್ನೊಂದು ಕೌದಿ ತರಲು ಹೊರಟು, ಬಾಗಿಲಿನ ಚೌಕಟ್ಟು ಸಿಗದೆ ಗೋಡೆ ಸವರಿಕೊಂಡು ಹೋದಳು. ತನ್ನದೇ ಮನೆಯ ಗೋಡೆ.

ಕಾಲುವೆ ದಾಟಿದೆ.

"ಅಕ್ಕ, ಅದು ಈರುಳ್ಳಿ."

"ಗೊತ್ತು," ಅಂದಳು.

"ಈರುಳ್ಳಿಗೆ ಹಿಮ ಏನೂ ಮಾಡಲ್ಲ."

ಬಗ್ಗಿ ಎಲೆ ಸವರಿದಳು. ಕೌದಿ ಎದೆಗೊತ್ತಿಕೊಂಡು. ಆಮೇಲೆ ಬಹಳ ಸಣ್ಣ ದನಿಯಲ್ಲಿ, "ಹಾಗಾದ್ರೆ ಮೆಣಸು ಎಲ್ಲೇ?"

ಕೈ ಹಿಡಿದು ಕರೆದುಕೊಂಡು ಹೋದೆ. ಬಗ್ಗಿ ಮೊದಲ ಸಸಿಯ ಮೇಲೆ ಅವಳ ಬೆರಳಿಟ್ಟೆ. ಇಪ್ಪತ್ತನ್ನೂ ಮುಟ್ಟಿದಳು. ನಾನು ಕೌದಿ ಹಿಡಿದೆ, ಅವಳು ಕಲ್ಲಿಟ್ಟಳು. ಕತ್ತಲಾಗುವ ಮುಂಚೆ ಮುಗಿಯಿತು. ಬರುವಾಗ ಅವಳ ಕೈ ತಣ್ಣಗಿತ್ತು ಎಂದು ನನ್ನ ಕೈಗವಸು ಕೊಟ್ಟುಬಂದೆ.


ಜೂನ್ 1, ಶನಿವಾರ

ಬೆಳಿಗ್ಗೆ ಬಕೆಟ್ಟಿನ ಮೇಲೆ ಬೆರಳು ಎಳೆದರೆ ಗೀರು ಬೀಳುವಷ್ಟು ಹಿಮ. ಬೆಲಾರ್ಮಿನೊನ ಕುಂಬಳ ಕಪ್ಪಾಗಿದೆ, ಬೇಯಿಸಿದ ಸೊಪ್ಪಿನ ಹಾಗೆ. ನನ್ನದು ನಾಲ್ಕು ಟೊಮೆಟೊ ಹೋಯಿತು. ಬಿಸಿಲು ತಗುಲಿದ ಮೇಲೆ ಲಿಬ್ರಾದಾಳ ಕೌದಿ ಎತ್ತಿದೆವು. ಇಪ್ಪತ್ತೂ ಹಸಿರು. ಅವಳು ಒಂದೊಂದರ ಎಲೆಯನ್ನೂ ಕೆನ್ನೆಗೆ ತಾಗಿಸಿ ನೋಡಿದಳು.

ಎರಡೂ ತೂಬು ತೆರೆದೆ. ನೀಲಿ ಜೋಳದ ಗಂಜಿ ಕಾಯಿಸಿದ್ದಳು. ಅಡುಗೆಮನೆಯಲ್ಲಿ ಎದುರುಬದುರು ಕುಳಿತೆವು. ಆಗ ನಾನು ಹೇಳಿದೆ. ಇಲ್ಲಿಯೂ ಬರೆಯುತ್ತೇನೆ, ಒಂದೇ ಸಲ.

ಆ ಬೆಳಿಗ್ಗೆ ಐದೂವರೆಗೆ ಬಸ್ಸಿಗೆ ಹೊರಟಿದ್ದೆ. ಎಲೋಯ್ ಒಲೆಯ ಹತ್ತಿರ ನಿಂತಿದ್ದ, ನನಗೆ ಬೆನ್ನು ಹಾಕಿ. ರಾತ್ರಿ ನಿದ್ದೆ ಬರಲಿಲ್ಲ, ಒಂದು ಥರ ಆಗುತ್ತಿದೆ ಎಂದ. ಕೀಲಿ ಹುಡುಕುತ್ತಿದ್ದೆ. ಕಾಫಿ ಇದೆ ಕುಡಿ ಎಂದು ಹೇಳಿ ಹೋದೆ. ಮುಖ ನೋಡಲಿಲ್ಲ. ಲಿಬ್ರಾದಾ ಮಣ್ಣಿನ ದಿನ ಹೇಳಿದ್ದು ಸುಳ್ಳಲ್ಲ. ಅದಕ್ಕೇ ಅಷ್ಟು ನಾಟಿತು. ಸುಳ್ಳಾಗಿದ್ದರೆ ಒಂದು ವಾರಕ್ಕೆ ಮರೆಯುತ್ತಿದ್ದೆ.

ಗಂಜಿ ಆರಿತು. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ನೀವ್ಯಾಕೆ ಹೇಳ್ಲಿಲ್ಲ?"

ಹೊರಗೆ ನೀರು ಸಾಲಿನ ತುದಿ ಮುಟ್ಟಿದ ಸದ್ದಾಯಿತು. ಎದ್ದು ತಿರುಗಿಸಿ ಬಂದೆ. ಅವಳು ಅಲ್ಲೇ ಕುಳಿತಿದ್ದಳು. ನಾನು ಕೇಳಿಬಿಟ್ಟೆ: "ನಿಮಗೆ ಕಣ್ಣು ಹೋಗೋದು ಸಲ್ಲಬೇಕಾದ್ದು ಅಂದ್ರಿ. ನನಗೆ ಏನು ಹೋಗ್ಬೇಕು ಹೇಳಿ, ಕಿವಿಯೋ ಕಾಲೋ? ಅದನ್ನೂ ಮಾತಾಡಿ ಮುಗಿಸೋಣ."

ಮೇಜು ತಡಕಿ ಕರವಸ್ತ್ರ ಹುಡುಕಿದಳು. ಆಮೇಲೆ ಮೂಗು ಒರೆಸಿಕೊಂಡು, "ನಿನ್ನ ಕಾಲು ಹೋದ್ರೆ ನನ್ನನ್ನ ಸಾಂತಾ ಫೆಗೆ ಯಾರು ಕರ್ಕೊಂಡು ಹೋಗ್ತಾರೆ?" ಅಂದಳು.

ಗಂಜಿ ಮತ್ತೆ ಬಿಸಿ ಮಾಡಿದೆ. ಇಬ್ಬರೂ ಕುಡಿದೆವು. ಎಲೋಯ್ ಹೇಗೆ ನಗುತ್ತಾ ಹೋದ ಎಂದು ಕೇಳಿದೆ. ಹೇಳಿದಳು. ಸನಿಕೆಯನ್ನು ಬಂದೂಕಿನ ಹಾಗೆ ಹೆಗಲಿಗಿಟ್ಟು ಸೆಲ್ಯೂಟ್ ಹೊಡೆದನಂತೆ.

ಅದು ನನಗೆ ಗೊತ್ತಿರಲಿಲ್ಲ. ಅವನದು ಒಂದು ಹೊಸ ಚಿತ್ರ ಸಿಕ್ಕಿತು.


ಜೂನ್ 4, ಮಂಗಳವಾರ

ಸಾಂತಾ ಫೆ. ದಾರಿಯುದ್ದಕ್ಕೂ ಜಪಸರ. ನಾನು ಲಾರಿ ಹಿಂದೆ ಹಾಕುವಾಗ ಮಾತ್ರ ಜಪ ನಿಲ್ಲಿಸಿ ಬೈದಳು. ಆಸ್ಪತ್ರೆಯಲ್ಲಿ ನರ್ಸು "ನೀವು ಇವರಿಗೆ ಏನಾಗಬೇಕು" ಎಂದು ನನ್ನನ್ನು ಕೇಳಿದರೆ, ಅಕ್ಕನೇ ಉತ್ತರ ಕೊಟ್ಟಳು: "ತಮ್ಮನ ಹೆಂಡ್ತಿ. ಬಸ್ ಓಡಿಸ್ತಿದ್ಲು, ಈಗ ಬಟಾಣಿ ನೆಡ್ತಾಳೆ."

ಇಪ್ಪತ್ತು ನಿಮಿಷ. ಹೊರಬಂದಾಗ ಬಲಗಣ್ಣಿನ ಮೇಲೆ ಬಟ್ಟಲಿನಂಥ ಮುಚ್ಚಳ. ಹಸಿವು ಎಂದಳು. ಕೆಂಪು ಮೆಣಸಿನ ಸಾರಿನ ಎನ್ಚಿಲಾದಾ ರೊಟ್ಟಿ ಎರಡು ತಿಂದಳು, ತಾನು ಮಾಡುವುದಕ್ಕಿಂತ ಸಪ್ಪೆ ಎಂದು ಹೇಳಿಕೊಂಡೇ.

ನನ್ನ ಮನೆಯಲ್ಲೇ ಮಲಗಿದ್ದಾಳೆ. ಗೊರಕೆ ಎಲೋಯ್‌ನದ್ದೇ.


ಜೂನ್ 5, ಬುಧವಾರ

ಮತ್ತೆ ಹೋದೆವು. ಡಾಕ್ಟರು ಮುಚ್ಚಳ ತೆಗೆದರು. ಅಕ್ಕ ಕಣ್ಣು ಮಿಟುಕಿಸಿ, ಮೊದಲು ತನ್ನ ಕೈ ನೋಡಿಕೊಂಡಳು, ಎರಡೂ ಕಡೆ ತಿರುಗಿಸಿ. "ಉಗುರಿನಲ್ಲಿ ಇಷ್ಟು ಮಣ್ಣಿಟ್ಕೊಂಡು ಆಸ್ಪತ್ರೆಗೆ ಕರ್ಕೊಂಡು ಬಂದ್ಯಾ?" ಆಮೇಲೆ ನನ್ನನ್ನು ನೋಡಿದಳು. ನೋಡುತ್ತಲೇ ಇದ್ದಳು.

"ಸೊರಗಿದೀಯ," ಅಂದಳು. "ಯಾರೂ ಹೇಳ್ಲಿಲ್ಲ ನನಗೆ."

ಒಂದು ವಾರ ಬಗ್ಗಬಾರದು, ಭಾರ ಎತ್ತಬಾರದು, ಧೂಳು ತಾಗಬಾರದು. ಈ ಊರಿನಲ್ಲಿ ಧೂಳು ತಾಗಬಾರದಂತೆ! ಕಪ್ಪು ಕನ್ನಡಕ ಹಾಕಿ ಕಿಟಕಿಯ ಹತ್ತಿರ ಕೂರಿಸಿದ್ದೇನೆ. ಈಗ ಎಲ್ಲ ಕಾಣುತ್ತದೆ, ಅದೇ ಕಷ್ಟ. ಏಪ್ರಿಕಾಟ್ ಮಿಡಿ ಗೊಂಚಲು ತೆಳುವು ಮಾಡಿಲ್ಲ. ತೂಬಿನ ಹಲಗೆ ಓರೆ. ಬೆಳ್ಳುಳ್ಳಿಯ ಹೂದಂಟು ಮುರಿದಿಲ್ಲ. ಬಂದಾಗಿನಿಂದ ಹದಿನೇಳು ತಪ್ಪು ಎಣಿಸಿದ್ದಾಳೆ. ಪಂಚಾಯ್ತಿಗೆ ತಾನೇ ಬರುತ್ತೇನೆ, ಸರದಿ ನಿಲ್ಲಿಸುವವನ ಮುಖ ನೋಡಬೇಕು ಎಂದು ಬೆಲಾರ್ಮಿನೊಗೆ ಹೇಳಿಕಳಿಸಿದಳು. ಅವನು ಟೋಪಿ ಹಿಡಿದು ಓಡಿಬಂದ. ಸರದಿ ನಿಲ್ಲಿಸುವ ಮಾತು ಅವನೇ ಕೈಬಿಟ್ಟ.


ಜೂನ್ 9, ಭಾನುವಾರ. ಮಧ್ಯಾಹ್ನ

ಪೂಜೆ ಮುಗಿದ ಮೇಲೆ ಅಕ್ಕ, ತಮ್ಮನ ಹತ್ತಿರ ಹೋಗೋಣ ಎಂದಳು. ಮೇ ಕೊನೆಯಲ್ಲಿ ಊರವರೆಲ್ಲ ಸಮಾಧಿ ಚೊಕ್ಕ ಮಾಡಿ ಬಂದಿದ್ದರು. ನಾವಿಬ್ಬರೂ ಹೋಗಿರಲಿಲ್ಲ, ಕಾರಣ ಬೇರೆ ಹೇಳಬೇಕಿಲ್ಲ.

ಕೊನೆಯ ಐರಿಸ್ ಹೂಗಳನ್ನು ಕೊಯ್ದೆ. ಹಾಲಿನ ಖಾಲಿ ಕ್ಯಾನುಗಳಲ್ಲಿ ನೀರು. ಅಲ್ಲಿ ನೀರಿಲ್ಲ, ಬರೀ ಕಲ್ಲು ಮತ್ತು ಸೇಜ್ ಪೊದೆ. ಅಕ್ಕ ಬಗ್ಗುವಂತಿಲ್ಲ, ಹಾಗಾಗಿ ಒಣಹುಲ್ಲು ನಾನು ಕಿತ್ತೆ. ಅವಳು ಕಪ್ಪು ಕನ್ನಡಕ ತೆಗೆದು ಕಲ್ಲಿನ ಎದುರು ನೆಟ್ಟಗೆ ನಿಂತಳು. ಆ ಕಲ್ಲು ನಿಲ್ಲಿಸುವ ಹೊತ್ತಿಗೆ ಅವಳಿಗೆ ಅಕ್ಷರ ಕಾಣುತ್ತಿರಲಿಲ್ಲ ಎಂದು ನನಗೆ ಈಗ ಹೊಳೆಯಿತು. ಯಾರಿಂದಲೂ ಓದಿಸಿ ಕೇಳುವವಳೂ ಅಲ್ಲ.

ಮಕ್ಕಳಿಗೆ ಕಲಿಸುವ ಹಾಗೆ ಬೆರಳು ಎತ್ತಿ ಗಟ್ಟಿಯಾಗಿ ಓದಿದಳು. ಹೆಸರು. ಹುಟ್ಟಿದ್ದು, ಹೋದದ್ದು. ಕೆಳಗಿನ ಸಾಲು, "ಪ್ರೀತಿಯ ಗಂಡ." ಆಮೇಲೆ, "ಪ್ರೀತಿಯ ತಮ್ಮ."

ಬೆರಳು ಅಲ್ಲೇ ನಿಂತಿತು.

ಕಲ್ಲು ಕೆತ್ತುವವನು ಏನು ಬರೆಯಲಿ ಎಂದಾಗ ಮೊದಲು ಒಂದೇ ಸಾಲು ಹೇಳಿದ್ದೆ. ಹೊರಬಂದು ಗಾಡಿ ಹತ್ತಿ, ಮತ್ತೆ ಇಳಿದು ಹೋಗಿ ಇನ್ನೊಂದು ಸಾಲು ಹೇಳಿಬಂದೆ. ಯಾಕೆಂದು ಅವತ್ತೂ ಗೊತ್ತಿರಲಿಲ್ಲ. ಅವನು ನನ್ನ ಕೈಗೆ ಬರುವ ಮುಂಚೆ ಮೂವತ್ತು ವರ್ಷ ಅವಳ ಕೈಯಲ್ಲಿದ್ದ, ಅದಕ್ಕಿರಬೇಕು.

"ಇದನ್ನ ಯಾವಾಗ ಬರೆಸ್ದೆ?"

"ಹೋದ ವರ್ಷ ಮಾರ್ಚ್‌ನಲ್ಲಿ."

"ಆವಾಗ ನಾನು ನಿನ್ನ ಹತ್ರ ಮಾತಾಡ್ತಿರ್ಲಿಲ್ಲ."

"ನಾನೂ ಆಡ್ತಿರ್ಲಿಲ್ಲ."

ಇನ್ನೊಂದು ಸಲ ಓದಿದಳು, ಈ ಸಲ ಒಳಗೊಳಗೆ, ತುಟಿ ಮಾತ್ರ ಆಡುತ್ತಿತ್ತು. ಹೂ ನಾನಿಟ್ಟೆ. ನೀರು ಅವಳೇ ಹಾಕುತ್ತೇನೆ ಎಂದು ನಿಂತಲ್ಲಿಂದಲೇ ಎತ್ತರದಿಂದ ಸುರಿದು ನನ್ನ ಬೂಟು ತೋಯಿಸಿದಳು. ಬರುವಾಗ ಗೇರಿನ ಮೇಲಿದ್ದ ನನ್ನ ಕೈ ಮೇಲೆ ಅವಳ ಕೈ, ಊರು ಬರುವವರೆಗೆ. ಗೇರು ಬದಲಿಸುವುದು ಕಷ್ಟವಾಯಿತು. ಎರಡನೆಯದರಲ್ಲೇ ಓಡಿಸಿದೆ.

ನಾಳೆಗೆ ಬೀನ್ಸ್ ಬಿತ್ತಬೇಕು. ಇಬ್ಬರದೂ ಸೇರಿ ಆರು ಸಾಲು. ನೆನೆಹಾಕಿದ್ದೇನೆ.

ಹೊರಗೆ ಏನೋ ಸದ್ದು. ಅಕ್ಕ ಕಾಲುವೆಯ ಹಲಗೆ ದಾಟಿ ಬಂದುಬಿಟ್ಟಿದ್ದಾಳೆ. ಕನ್ನಡಕ ತಲೆಯ ಮೇಲೆ. ನನ್ನ ಪಾತಿಯಲ್ಲಿ ಏನನ್ನೋ ನೋಡಿ ತಲೆಯಾಡಿಸುತ್ತಿದ್ದಾಳೆ, ಈಗ ಬಗ್ಗಿಯೇ ಬಗ್ಗುತ್ತಾಳೆ, ಡಾಕ್ಟರು ಅಷ್ಟು ಹೇಳಿ ಕಳಿಸಿದ್ದಾರೆ, ಇವಳಿಗೆ ನಾನು —